ಫೋನು ಬಿಟ್ಟು ರಾಮದುರ್ಗಕ್ಕೆ

ಧಾರವಾಡದಿಂದ ಸವದತ್ತಿಗೆ ನೇರ ದಾರಿ ಇದೆ. ಅಲ್ಲಿಂದ ಮುಂದೆ ರಾಮದುರ್ಗ. ಆದರೆ ನಾನು ಮತ್ತು ಆರನೆಯ ತರಗತಿಯ ಮೊಮ್ಮಗ ಬೇಕೆಂದೇ ಸುತ್ತುದಾರಿ ಹಿಡಿದೆವು: ಕಿತ್ತೂರು, ಬೈಲಹೊಂಗಲ, ಸವದತ್ತಿ, ಆಮೇಲೆ ರಾಮದುರ್ಗ. ಎಲ್ಲವೂ ಕೆಂಪು ಬಸ್ಸಿನಲ್ಲೇ. ಫೋನು ಇಬ್ಬರದೂ ಮನೆಯಲ್ಲಿ.

'ದಾರ‍್ಯಾಗ ಏನರ ಆದ್ರ ಏನ್ ಮಾಡ್ತೀರಿ ಮಾವಾರ?' ಎಂದು ಸೊಸೆ ಕೇಳಿದಳು. ನಾಲ್ಕು ನಂಬರು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ಹೊರಟಿದ್ದು ರಾಮದುರ್ಗದ ನನ್ನ ಅಕ್ಕನನ್ನು ನೋಡಲು. ಆಕೆಗೆ 82 ವರ್ಷ. ಎರಡು ವರ್ಷದಿಂದ ಫೋನಿನಲ್ಲಿ ಮಾತು ಕೇಳಿಸದು. ವಿಡಿಯೋ ಕರೆ ಮಾಡಿದರೆ ನಗುತ್ತಾಳೆ, ಕೈ ಬೀಸುತ್ತಾಳೆ, ಅಲ್ಲಿಗೆ ಮುಗಿಯಿತು. ಎದುರಿಗೆ ಕೂತು, ತುಟಿ ಕಾಣುವಂತೆ ಸಾವಕಾಶ ಮಾತಾಡಿದರೆ ಮಾತ್ರ ಆಕೆಗೆ ತಿಳಿಯುತ್ತದೆ. ನಮ್ಮ ಹುಡುಗನೋ ರೈಲು ಬಿಟ್ಟಂತೆ ಮಾತಾಡುವವನು. ಇಬ್ಬರೂ ಒಂದು ದಿನವೂ ನೆಟ್ಟಗೆ ಮಾತಾಡಿದ್ದಿಲ್ಲ.

ಕಿತ್ತೂರಿನ ಹಾಳು ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಮಾಡಿದ ಕಿಂಡಿಯೊಂದಿದೆ. ಹುಡುಗ ಹಗಲಲ್ಲೇ ಅದಕ್ಕೆ ಕಣ್ಣು ಹಚ್ಚಿ ನಿಂತ.

'ಏನ್ ಕಾಣಸ್ತದೋ?'

'ಏನಿಲ್ಲಜ್ಜಾ, ಮುಗಿಲು.'

ಆದರೂ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಫೋನಿದ್ದರೆ ಒಂದು ಫೋಟೋ ಹೊಡೆದು ಮುಂದೆ ಓಡುತ್ತಿದ್ದ.

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಹೋದೆವು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆಯ ಪಡೆಯನ್ನು ಸೋಲಿಸಿದ ರಾಣಿ, ಮುಂದೆ ಇದೇ ಊರಿನ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ನಾವು ಬಸ್ಸಿನಲ್ಲಿ ಹರಟುತ್ತ ದಾಟಿದ ದಾರಿಯನ್ನು ಆಕೆ ತಿರುಗಿ ದಾಟಲಿಲ್ಲ.

'ಕಿತ್ತೂರಿನ ಸುದ್ದಿ ಆಕೀಗೆ ಹೆಂಗ ಗೊತ್ತಾಗ್ತಿತ್ತು?' ಎಂದ ಹುಡುಗ. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದ: 'ಯಾರರ ನಡಕೊಂತ ಬಂದು ಹೇಳಬೇಕಿತ್ತು.'

ಮುಂದಿನ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಇಲ್ಲವೆಂದು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟ. ಹುಡುಗನಿಗೆ ಅದು ಹೊಸದು. ಸವದತ್ತಿ ಬರುವವರೆಗೂ ಆ ಟಿಕೆಟ್ಟನ್ನು ಬಂಗಾರದಂತೆ ಹಿಡಿದುಕೊಂಡಿದ್ದ.

ಭರತ ಹುಣ್ಣಿಮೆ ಹತ್ತಿರ ಬಂದಿತ್ತು. ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಸಾಲು ಸಾಲು ಚಕ್ಕಡಿ. ಎತ್ತುಗಳ ಕೊಂಬಿಗೆ ಬಣ್ಣ, ಗೊಂಡೆ, ಕೊರಳಲ್ಲಿ ಗೆಜ್ಜೆಸರ. ಡ್ರೈವರ್ ಒಂದೆರಡು ಸಲ ಹಾರ್ನ್ ಹೊಡೆದು, ಕೊನೆಗೆ ಸುಮ್ಮನೆ ಅವುಗಳ ಹಿಂದೆಯೇ ನಡೆಸಿದ. ಗುಡ್ಡದ ಮೇಲೆ ಭಂಡಾರದ ಹಳದಿ, 'ಉಧೋ ಉಧೋ' ಕೂಗು, ಚಕ್ಕಡಿಗಳ ಪಕ್ಕ ಕಲ್ಲಿನ ಒಲೆ ಹೂಡಿ ಕಡುಬು, ಹೋಳಿಗೆ ಮಾಡಿ ಪಡ್ಡಲಗಿ ತುಂಬಿಸುವ ಹೆಣ್ಣುಮಕ್ಕಳು.

ಎತ್ತಿಗೆ ಮೇವು ಹಾಕುತ್ತಿದ್ದ ರೈತನೊಬ್ಬ ಮನೆ ಬಿಟ್ಟು ಎರಡು ದಿನವಾಯಿತೆಂದ. ಎತ್ತು ದಣಿದಲ್ಲಿ ನಿಲ್ಲಬೇಕು, ನೀರು ಸಿಕ್ಕಲ್ಲಿ ಕುಡಿಸಬೇಕು.

'ಬಸ್ಸಿಗೆ ಯಾಕ ಬರಲಿಲ್ಲರಿ?' ಹುಡುಗ ಕೇಳಿದ.

'ಬಸ್ಸಿನ್ಯಾಗ ಎತ್ತು ಹತ್ತಿಸ್ಕೋತಾರೇನೋ ತಮ್ಮಾ? ಜಾತ್ರಿ ಅವಕ್ಕೂ ಐತಲ್ಲ!'

ಇದೆಲ್ಲ ಮುದುಕರ ಹಳೇ ಹಂಬಲ ಎನ್ನುವವರಿಗೆ ಪಕ್ಕದ ಸಾಂಗಲಿ ಜಿಲ್ಲೆಯ ಸುದ್ದಿ ಹೇಳಬೇಕು. ಅಲ್ಲಿನ ಮೋಹಿತ್ಯಾಂಚೆ ವಡಗಾಂವದವರು 2022ರಲ್ಲಿ ಒಂದು ಕಟ್ಟಳೆ ಮಾಡಿಕೊಂಡರು. ಸಂಜೆ 7 ಗಂಟೆಗೆ ಸೈರನ್ನು. ಒಂದೂವರೆ ತಾಸು ಟಿವಿ, ಮೊಬೈಲು ಬಂದ್. ಮಕ್ಕಳು ಓದಲಿ, ಮನೆಯವರು ಮಾತಾಡಲಿ ಎಂದು. ನಮ್ಮ ಕಡೆ ಚಕ್ಕಡಿಗಳು ಸೈರನ್ನಿಲ್ಲದೆಯೇ ಆ ಕೆಲಸ ಮಾಡುತ್ತವೆ ಅನ್ನಿಸಿತು.

ನವಿಲುತೀರ್ಥದ ಅಣೆಕಟ್ಟಿನಿಂದ ಮುಂದೆ ಹರಿಯುವ ಮಲಪ್ರಭೆಯೇ ರಾಮದುರ್ಗದ ನದಿ. ಊರು ಮುಟ್ಟುವಾಗ ಸಂಜೆಯಾಗಿತ್ತು. ಓಣಿಯಲ್ಲಿ ಮಗ್ಗದ ಸದ್ದು.

ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಹುಡುಗ ಓಡಿಹೋಗಿ ಒಂದೇ ಉಸಿರಿಗೆ ಶುರುಮಾಡಿದ. ಆಕೆ ಅವನ ಗದ್ದ ಹಿಡಿದು ಮುಖ ತನ್ನತ್ತ ತಿರುಗಿಸಿಕೊಂಡಳು. 'ಸಾವಕಾಶ ಹೇಳೋ ತಮ್ಮಾ.'

ಅವನು ನಿಂತ. ಉಸಿರು ತೆಗೆದುಕೊಂಡ. ಒಂದೊಂದೇ ಮಾತು ಬಿಡಿಸಿ ಎತ್ತು, ಗೊಂಡೆ, ಜಾತ್ರೆಯ ಕತೆ ಹೇಳಿದ. ಅಕ್ಕ ನಕ್ಕು, ತಾನು ಚಿಕ್ಕವಳಿದ್ದಾಗ ಅವ್ವ ಅಪ್ಪನ ಜೊತೆ ಚಕ್ಕಡಿಯಲ್ಲಿ ಗುಡ್ಡಕ್ಕೆ ಹೋದದ್ದು, ರಾತ್ರಿ ಬಂಡಿಯ ಕೆಳಗೆ ಮಲಗಿದ್ದು, ಕೂಸಾಗಿದ್ದ ನಾನು ಅತ್ತು ಎಲ್ಲರ ನಿದ್ದೆ ಕೆಡಿಸಿದ್ದು ಎಲ್ಲ ಹೇಳಿದಳು. ನನ್ನದೇ ಆ ಸುದ್ದಿ ನನಗೆ ಎಪ್ಪತ್ತು ದಾಟಿದ ಮೇಲೆ ಸಿಕ್ಕಿತು. ದಾರಿಯಲ್ಲಿ ನಮ್ಮನ್ನು ತಡೆದ ಆ ಎತ್ತುಗಳಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮರುದಿನ ಹೊರಡುವಾಗ ಅಕ್ಕ ಕೇಳಿದಳು, 'ಮತ್ತ ಯಾವಾಗ ಬರ್ತಿ?'

'ಪ-ರೀ-ಕ್ಷೆ ಮುಗಿದ ಮ್ಯಾಲೆ,' ಎಂದ ಹುಡುಗ, ಆಕೆಯ ಮುಖ ನೋಡುತ್ತ. ಆಕೆ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಅವನು ಪೆನ್ಸಿಲ್ಲಿನಿಂದ ಏಪ್ರಿಲ್‌ನ ಒಂದು ರವಿವಾರಕ್ಕೆ ಗುಂಡು ಹಾಕಿದ.