ಮಳೆಗಾಲದಲ್ಲಿ ಗಿರಿನಗರದ ಪ್ರವಾಸ



ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಮಳೆಗಾಲದ ಬೆಟ್ಟವಂತೂ ದೂರದಿಂದ ನುಣ್ಣಗೆ ಮಾತ್ರವಲ್ಲ, ಹಸಿರಾಗಿಯೂ ತಂಪಾಗಿಯೂ ತೋರುತ್ತದೆ. ಆಷಾಢವು ಕಳೆಯುತ್ತಿರುವಂತೆ ಶ್ರೀಮಠಕ್ಕೆ ಬರುವ ಭಕ್ತರಲ್ಲಿ, ವಿಶೇಷವಾಗಿ ನಗರಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ, ಕೆಲವರು ಪ್ರತಿವರ್ಷವೂ ಒಂದು ಪ್ರಶ್ನೆಯನ್ನು ಕೇಳುತ್ತಾರೆ: "ಬುದ್ಧೀ, ಆಗಸ್ಟ್ ತಿಂಗಳಿನಲ್ಲಿ ಮೂರು ದಿನ ರಜೆ ಕೂಡಿ ಬಂದಿದೆ; ಈ ಕಾಲದಲ್ಲಿ ಶಿಮ್ಲಾದಲ್ಲಿ ಕೋಣೆಗಳ ಬಾಡಿಗೆಯೂ ಕಡಿಮೆ; ಸಂಸಾರ ಸಮೇತ ಹೋಗಿಬರಬಹುದೇ?" ನಾವು ಕೊಡುವ ಉತ್ತರ ಒಂದೇ: ಈಗ ಬೇಡ, ಕಾರ್ತಿಕದಲ್ಲಿ ಹೋಗಿರಿ. ಹೀಗೆ ಹೇಳಲು ಕಾರಣಗಳೇನೆಂಬುದನ್ನು ಎಲ್ಲರ ತಿಳಿವಳಿಕೆಗಾಗಿ ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ಆ ನಗರದ ಸ್ವರೂಪವನ್ನು ತಿಳಿಯಬೇಕು. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿ, ಬೆಟ್ಟದ ಏಣಿನ ಮೇಲೆ ಹಾಗೂ ಅದರ ಇಳಿಜಾರುಗಳಲ್ಲಿ ಶಿಮ್ಲಾ ನೆಲೆಸಿದೆ. 1864ರಲ್ಲಿ ಬ್ರಿಟಿಷರು ಅದನ್ನು ತಮ್ಮ ಬೇಸಿಗೆಯ ರಾಜಧಾನಿಯನ್ನಾಗಿ ಮಾಡಿಕೊಂಡರು. ಕೆಲವೇ ಸಾವಿರ ಜನರಿಗಾಗಿ ಬೆಳೆದ ಆ ಊರಿನಲ್ಲಿ 2011ರ ಜನಗಣತಿಯ ವೇಳೆಗೆ 1,69,578 ಜನರು ವಾಸಿಸುತ್ತಿದ್ದರು. ಬಯಲುಸೀಮೆಯ ಊರು ಬೆಳೆದರೆ ಸುತ್ತಲೂ ಹರಡಿಕೊಳ್ಳುತ್ತದೆ. ಬೆಟ್ಟದ ಊರಿಗೆ ಹರಡಲು ಸ್ಥಳವೆಲ್ಲಿ? ಅಲ್ಲಿ ಮನೆಯ ಮೇಲೆ ಮನೆ ಏರುತ್ತದೆ. ಒಬ್ಬರ ಅಂಗಳವು ಮತ್ತೊಬ್ಬರ ಮಾಳಿಗೆಯ ಮಟ್ಟಕ್ಕೆ ಬರುತ್ತದೆ. ಪ್ರವಾಸಿಗರ ಸಂಖ್ಯೆ ಮಳೆಗಾಲದಲ್ಲಿ ಸ್ವಲ್ಪ ತಗ್ಗಬಹುದು. ಊರಿನ ಇಕ್ಕಟ್ಟು ಮಾತ್ರ ತಗ್ಗುವುದಿಲ್ಲ.

2022ರ ಜುಲೈ ತಿಂಗಳಿನಲ್ಲಿ ಒಂದು ವಿದ್ವದ್ಗೋಷ್ಠಿಯ ನಿಮಿತ್ತ ನಾವು ಅಲ್ಲಿಗೆ ಹೋಗಬೇಕಾಯಿತು. ಐದು ದಿನಗಳ ವಾಸ್ತವ್ಯದಲ್ಲಿ ಹಿಮಶಿಖರವನ್ನು ಒಮ್ಮೆಯೂ ಕಾಣಲಿಲ್ಲ. ಕಿಟಕಿ ತೆರೆದರೆ ಬಿಳಿಯ ಮಂಜು. ಹತ್ತು ಮಾರು ದೂರದ ದೇವದಾರು ವೃಕ್ಷವೂ ನೆರಳಿನಂತೆ ತೋರಿ ಮರೆಯಾಗುತ್ತಿತ್ತು. ಒಗೆದ ಕಾವಿವಸ್ತ್ರಗಳು ಮೂರು ದಿನಗಳಾದರೂ ಒಣಗದೆ, ಒದ್ದೆಯನ್ನೇ ಉಟ್ಟು ಗೋಷ್ಠಿಯಲ್ಲಿ ಕುಳಿತದ್ದೂ ಉಂಟು. ಪೇಟೆಯ ಮುಖ್ಯಬೀದಿಯಾದ ಮಾಲ್ ರಸ್ತೆಗೆ ಸಾಮಾನ್ಯ ವಾಹನಗಳ ಪ್ರವೇಶವಿಲ್ಲ. ಜಾರುವ ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕು. ಪ್ರವಾಸಿಗರ ಪೆಟ್ಟಿಗೆಗಳನ್ನು ಬೆನ್ನಿಗೆ ಕಟ್ಟಿಕೊಂಡು, ಸುರಿವ ಮಳೆಯಲ್ಲಿ ಬಾಗಿ ನಡೆಯುವ ಕೂಲಿಗಳನ್ನು ಕಂಡಾಗ ನಮ್ಮ ಒದ್ದೆಬಟ್ಟೆಯ ಮಾತು ದೊಡ್ಡದೆನಿಸಲಿಲ್ಲ.

ಇವೆಲ್ಲವೂ ಸಣ್ಣ ಅನಾನುಕೂಲಗಳು. ಮಾರ್ಗದ ಸಂಗತಿ ಇದಕ್ಕಿಂತ ಗಂಭೀರವಾದುದು. ಕಾಲ್ಕಾದಿಂದ ಏರುವ ರಸ್ತೆಯಲ್ಲಿ ಗುಡ್ಡದಿಂದ ಕಲ್ಲುಮಣ್ಣು ಉರುಳಿದ್ದರಿಂದ ನಮ್ಮ ವಾಹನವು ಐದು ಗಂಟೆಗಳ ಕಾಲ ನಿಂತಿತು. ಹಿಂದೆಯೂ ಮುಂದೆಯೂ ಪ್ರವಾಸಿಗರ ಕಾರುಗಳ ಸಾಲು. ಅವುಗಳ ನಡುವೆ ಸಿಕ್ಕಿಕೊಂಡ ಒಂದು ಆಂಬುಲೆನ್ಸ್. ಅದರಲ್ಲಿ ಮಲಗಿದ್ದವರು ಯಾರೋ, ಅವರ ಗತಿ ಏನಾಯಿತೋ ನಾವರಿಯೆವು. 2023ರ ಆಗಸ್ಟ್ ತಿಂಗಳಿನಲ್ಲಿ ಪರ್ವಾನೂ ಸಮೀಪದ ಚಕ್ಕೀ ಮೋಡ್ ಎಂಬಲ್ಲಿ ಇದೇ ರಸ್ತೆಯ ಒಂದು ಭಾಗವೇ ಕುಸಿದುಬಿದ್ದು ಹಲವು ದಿನ ಸಂಚಾರವು ಅಸ್ತವ್ಯಸ್ತವಾಯಿತು. ಪ್ರವಾಸಿಗನಿಗೆ ರಸ್ತೆ ಮುಚ್ಚಿದರೆ ಒಂದು ರಜೆ ಕೆಡುತ್ತದೆ; ಆ ಊರಿನವರಿಗೆ ಹಾಲು, ತರಕಾರಿ, ಔಷಧಿಗಳೇ ನಿಂತುಹೋಗುತ್ತವೆ.

ಇನ್ನು ನೀರಿನ ಮಾತು. ಮಳೆ ಸುರಿಯುವ ಊರಿನಲ್ಲಿ ನೀರಿಗೆ ಬರವೇ ಎಂದು ತಾವು ಕೇಳಬಹುದು. ಶಿಮ್ಲಾ ಬೆಟ್ಟದ ತಲೆಯ ಮೇಲಿದೆ. ಅದರ ನೀರು ಗಿರಿ, ಗುಮ್ಮಾ ಮೊದಲಾದ ಕೆಳಗಣ ಜಲಮೂಲಗಳಿಂದ ಪಂಪುಗಳ ಮೂಲಕ ಮೇಲೇರಿ ಬರಬೇಕು. ಭಾರಿ ಮಳೆಯಾದಾಗ ಹೊಳೆಗಳಲ್ಲಿ ಹೂಳು ಮಿತಿಮೀರಿ, ನೀರೆತ್ತುವುದನ್ನು ಕಡಿಮೆ ಮಾಡಬೇಕಾಗುತ್ತದೆ. ಹೊರಗೆ ಜಡಿಮಳೆ, ಒಳಗೆ ಒಣನಲ್ಲಿ! ನಾವು ಇಳಿದುಕೊಂಡ ಮನೆಯಲ್ಲಿ ಎರಡನೆಯ ದಿನವೇ ನಲ್ಲಿ ನಿಂತಿತು. ಮುಂಜಾನೆ ಪೂಜೆಯ ವೇಳೆಗೆ ಆ ಮನೆಯ ತಾಯಿಯವರು ತುಂಬಿದ ಕೊಡವೊಂದನ್ನು ತಂದು ಭಕ್ತಿಯಿಂದ ಇರಿಸಿದರು. ವಿಚಾರಿಸಿದಾಗ, ಅದು ಆ ದಿನ ಮನೆಮಂದಿಗೆಲ್ಲ ಕುಡಿಯಲೆಂದು ಉಳಿಸಿದ್ದ ನೀರೆಂದು ತಿಳಿಯಿತು. ಒಂದು ಬಟ್ಟಲು ನೀರಿನಲ್ಲಿ ಪೂಜೆಯನ್ನು ಪೂರೈಸಿ ಕೊಡವನ್ನು ಹಿಂದಿರುಗಿಸಿದೆವು. ಇಂತಹ ನೂರಾರು ಕೊಡಗಳು ಅತಿಥಿಗಳ ಸ್ನಾನಗೃಹಗಳಿಗೆ ಹರಿದುಹೋಗುವುದನ್ನು ಯಾರು ಹಿಂದಿರುಗಿಸುವರು? 2018ರ ಮೇ ತಿಂಗಳ ಕೊನೆಯಲ್ಲಿ ನೀರಿನ ಅಭಾವವು ವಿಪರೀತವಾದಾಗ, ಪ್ರವಾಸಿಗರು ಈಗ ಬರಬಾರದೆಂದು ನಿವಾಸಿಗಳೇ ಬಿನ್ನವಿಸಿಕೊಂಡರು. ಅತಿಥಿಸತ್ಕಾರಕ್ಕೆ ಹೆಸರಾದ ಜನರು ಹೀಗೆ ಕೈಮುಗಿಯಬೇಕಾದರೆ ಅವರ ಸಂಕಟ ಎಷ್ಟಿರಬೇಕು!

ಎಲ್ಲಕ್ಕಿಂತ ಮಿಗಿಲಾದುದು ಪ್ರಾಣಭಯ. ಭೂಗರ್ಭಶಾಸ್ತ್ರದ ಪ್ರಕಾರ ಹಿಮಾಲಯವು ಎಳೆಯ ಪರ್ವತ. ನಮ್ಮ ದಖ್ಖನ್ನಿನ ಶಿಲೆಗಳಷ್ಟು ಗಟ್ಟಿಯಾಗಿ ಅದು ನೆಲೆಗೊಂಡಿಲ್ಲ. ಬಿರುಕುಬಿಟ್ಟ ಶಿಲೆ, ಅದರ ಮೇಲೆ ಸಡಿಲವಾದ ಮಣ್ಣು. ಮಳೆನೀರು ಇಂಗಿದಂತೆ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಕುಗ್ಗುತ್ತದೆ. ಅದರ ಮೇಲೆ ಬಹು ಅಂತಸ್ತಿನ ಕಟ್ಟಡಗಳು, ಇಳಿಜಾರಿಗೆ ಸುರಿದ ಅಗೆತದ ಮಣ್ಣು, ಮುಚ್ಚಿಹೋದ ಚರಂಡಿಗಳು ಸೇರಿದರೆ ಬೆಟ್ಟವೆಂತು ತಾಳೀತು? ನಗರದ ನೆತ್ತಿಯಾದ ರಿಜ್ ಮೈದಾನದ ಒಂದು ಪಾರ್ಶ್ವವೇ ಬಹುಕಾಲದಿಂದ ಕುಸಿಯುತ್ತಿದೆ. 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಗುಡ್ಡಗಳು ಜಾರಿದುದನ್ನು ಕಂಡ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2023ರ ಆಗಸ್ಟ್ 14, ಸೋಮವಾರ. ಅಲ್ಲಿಯವರಿಗೆ ಅದು ಶ್ರಾವಣ ಸೋಮವಾರ. ಹಿಂದಿನ ವರ್ಷ ನಾವು ಓಡಾಡಿದ್ದ ಸಮ್ಮರ್ ಹಿಲ್ ಭಾಗದಲ್ಲಿ, ಶಿವಬಾವಡಿಯ ಶಿವಾಲಯಕ್ಕೆ ಭಕ್ತರು ಮುಂಜಾನೆಯೇ ಪೂಜೆಗೆ ಬಂದಿದ್ದರು. ಮೇಲಿನಿಂದ ಧುಮುಕಿದ ಮಣ್ಣು, ನೀರು, ಮರಗಳ ಪ್ರವಾಹವು ದೇವಾಲಯವನ್ನು ಕೊಚ್ಚಿಕೊಂಡು ಹೋಯಿತು. 20 ಜನರು ಅಸುನೀಗಿದರು. 1903ರಿಂದ ಓಡುತ್ತಿರುವ ಕಾಲ್ಕಾ-ಶಿಮ್ಲಾ ರೈಲುಮಾರ್ಗದ ಕೆಳಗಣ ನೆಲವೂ ಕೊಚ್ಚಿಹೋಗಿ, ಹಳಿಗಳು ಗಾಳಿಯಲ್ಲಿ ತೂಗಾಡಿದವು. ಮಡಿದವರು ವಿನೋದಕ್ಕಾಗಿ ಬಂದವರಲ್ಲ; ತಮ್ಮ ಊರಿನ ಗುಡಿಗೆ ಬಿಲ್ವಪತ್ರೆ ಏರಿಸಲು ಬಂದವರು. ಅವರಿಗೆ ಬೇರೆ ಊರಿಲ್ಲ, ಬೇರೆ ಕಾಲವನ್ನು ಆರಿಸಿಕೊಳ್ಳುವ ಅವಕಾಶವೂ ಇಲ್ಲ. ಆ ಅವಕಾಶವಿರುವುದು ನಮಗೆ ಮಾತ್ರ.

ಪ್ರವಾಸಿಗರು ಹೋಗದಿದ್ದರೆ ಅಲ್ಲಿಯ ಬಡವರ ಜೀವನೋಪಾಯವೇನು ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪವು ಯುಕ್ತವಾದುದೇ. ಆದರೆ ಹೋಗಲೇಬಾರದೆಂದು ನಾವು ಹೇಳುತ್ತಿಲ್ಲ. ಸೆಪ್ಟೆಂಬರ್ ಕೊನೆಗೆ ಅಲ್ಲಿ ಮಳೆಗಾಲ ಮುಗಿಯುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿ ಹಿಮಶಿಖರಗಳು ಗೋಚರಿಸುತ್ತವೆ. ಆಗ ಹೋಗಿರಿ, ಕೂಲಿಯವನಿಗೆ ಚೌಕಾಸಿ ಮಾಡದೆ ಹಣ ಕೊಡಿರಿ, ನೀರನ್ನು ಪ್ರಸಾದದಂತೆ ಮಿತವಾಗಿ ಬಳಸಿರಿ. ಅನಿವಾರ್ಯ ಕಾರ್ಯಕ್ಕಾಗಿ ಮಳೆಗಾಲದಲ್ಲೇ ಹೋಗಬೇಕಾದವರು ಹವಾಮಾನ ಇಲಾಖೆಯ ಎಚ್ಚರಿಕೆಗಳನ್ನು ಗಮನಿಸಿ, ರಾತ್ರಿಯ ಪ್ರಯಾಣವನ್ನು ವರ್ಜಿಸಿ, ಒಂದೆರಡು ದಿನಗಳ ಬಿಡುವಿಟ್ಟುಕೊಂಡು ಹೊರಡುವುದು ಕ್ಷೇಮಕರ.

ಅತಿಥಿಯನ್ನು ಸತ್ಕರಿಸುವುದು ಆತಿಥೇಯನ ಧರ್ಮವೆಂದು ನಾವೆಲ್ಲರೂ ಬಲ್ಲೆವು. ಆತಿಥೇಯನ ಮನೆಯಲ್ಲಿ ಕಷ್ಟವಿರುವಾಗ ಬಾಗಿಲು ತಟ್ಟದಿರುವುದು ಅತಿಥಿಯ ಧರ್ಮ. ಇದನ್ನರಿತು ಯಾತ್ರೆ ಕೈಗೊಳ್ಳುವವರಿಗೆ ಸಕಲ ಸನ್ಮಂಗಳವಾಗಲೆಂದು ಹಾರೈಸುತ್ತೇವೆ.