ಹೆಸರು ಬರಕೋಬ್ಯಾಡ್ರಿ

ಮೊದಲು ಮೂಗಿಗೆ ಬಡಿಯುವುದು ಸ್ಯಾನಿಟೈಜರ್‌ನ ಘಾಟು. ಅದರ ಅಡಿಯಲ್ಲಿ ಅಮೃತಾಂಜನ, ಅದರಡಿಯಲ್ಲಿ ನಿಮ್ಮದೇ ಬೆವರು. 2021ರ ಮೇ ತಿಂಗಳು, ಹುಲಿಹೈದರದ ಓಣಿಯೊಂದರಲ್ಲಿ ಒಂದೇ ಕೋಣೆಯ ಖಾಸಗಿ ದವಾಖಾನೆ, ಡಾಕ್ಟರು ನೀವೇ. ಕರೆಂಟು ಹೋಗಿ ತಾಸಾಯಿತು. ಪಿಪಿಇ ಕಿಟ್ಟಿನೊಳಗೆ ಬೆನ್ನಗುಂಟ ನೀರು ಇಳಿಯುತ್ತಿದೆ. ಮುಖದ ಶೀಲ್ಡು ನಿಮ್ಮುಸಿರಿಗೇ ಮಂಜಾಗಿ, ಎದುರಿಗೆ ಕುಂತವರು ನೀರೊಳಗಿನ ಮಂದಿಯ ಹಾಗೆ ಕಾಣುತ್ತಾರೆ.

ಎದುರಿಗೆ ಒಬ್ಬ ಅಜ್ಜಿ. ಆಕೆಯ ಬೆರಳು ಹಿಡಿಯುತ್ತೀರಿ. ಒಂದು ಜನ್ಮವಿಡೀ ರೊಟ್ಟಿ ಬಡಿದ ಬೆರಳು, ತುದಿ ಗಡುಸು. ಆಕ್ಸಿಮೀಟರ್ ತಡವರಿಸುತ್ತದೆ. 91. 88. ಒಂದು ಗಳಿಗೆ ಅಂಕಿಯೇ ಇಲ್ಲ. ಆಮೇಲೆ 84, ಅಲ್ಲೇ ನಿಂತಿತು. ಬೆರಳು ಒರೆಸಿ, ಇನ್ನೊಂದು ಕೈಗೆ ಹಾಕುತ್ತೀರಿ. 84.

"ಎಷ್ಟು ದಿನದಿಂದ ಜ್ವರ, ಅಮ್ಮ?"

"ನಾಕು ದಿನಾರಿ," ಮಗ ಅನ್ನುತ್ತಾನೆ. ಆಕೆ ಆರು ಬೆರಳು ತೋರಿಸುತ್ತಾಳೆ.

ನಿಮ್ಮ ಕೈ ರಿಜಿಸ್ಟರಿನತ್ತ ಹೋಗುತ್ತದೆ. ಮಗನ ಕಣ್ಣೂ ಅತ್ತಲೇ ಹೋಗುತ್ತದೆ.

"ಸಾಹೇಬ್ರ, ಹೆಸರು ಬರಕೋಬ್ಯಾಡ್ರಿ. ಒಂದು ಸೂಜಿ ಮಾಡ್ರಿ, ಒಂದು ಸಲೈನ್ ಹಚ್ರಿ. ರೊಕ್ಕ ಎಷ್ಟಾದ್ರೂ ಕೊಡ್ತೀವಿ."

ಅವನ ಭಯ ನಿಮಗೆ ಗೊತ್ತಿಲ್ಲದ್ದೇನಲ್ಲ. ಹೋದ ವರ್ಷ ಕೊರೊನಾ ಪಾಸಿಟಿವ್ ಬಂದವರ ಬಾಗಿಲಿಗೆ ಚೀಟಿ ಅಂಟುತ್ತಿತ್ತು. ಅಧಿಕಾರಿಗಳು ಪ್ರತ್ಯೇಕ ಆದೇಶ ಮಾಡದ ಹೊರತು ಹಾಗೆ ಅಂಟಿಸಬಾರದೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲೇ ಹೇಳಿತು. ಬಾಗಿಲ ಮೇಲಿನ ಚೀಟಿ ಕಿತ್ತರೂ ಓಣಿಯವರ ಕಣ್ಣಿನದು ಹೋಗಲಿಲ್ಲ. ಹೆಸರು ಬರೆದರೆ ಆಂಬ್ಯುಲೆನ್ಸು, ಮನೆಮಂದಿಗೆಲ್ಲ ಮೂಗಿನೊಳಗೆ ಕಡ್ಡಿ. ಮುಚ್ಚಿ ಕಟ್ಟಿದ ಹೆಣದ ಫೋಟೋ ಅವನ ಮೊಬೈಲಿಗೆ ನಿನ್ನೆ ಬಂದದ್ದೇ ಇರಬೇಕು.

ಬರೆಯದೆ ಇರುವುದು ಬಲು ಸಲೀಸು. ರಿಜಿಸ್ಟರಿನಲ್ಲಿ 'ಮೈ ಕೈ ನೋವು' ಅಂದರೆ ಆಯಿತು. ಆದರೆ ಜ್ವರ, ಕೆಮ್ಮು, ದಮ್ಮಿನ ರೋಗಿ ಬಂದರೆ ಖಾಸಗಿ ದವಾಖಾನೆಗಳು ಅವರ ವಿವರವನ್ನು ಸರ್ಕಾರದ ಕೆಪಿಎಂಇ ಪೋರ್ಟಲ್ಲಿಗೆ ಹಾಕಲೇಬೇಕು. ಪ್ಯಾರಾಸಿಟಮಾಲ್ ಮಾರುವ ಔಷಧಿ ಅಂಗಡಿಯವನಿಗೂ ಸರ್ಕಾರ ಇಂಥದೇ ಲೆಕ್ಕ ಹಚ್ಚಿದೆ. ನೀವು ಡಾಕ್ಟರಾಗಿ ಒಪ್ಪಿಕೊಂಡ 2002ರ ವೈದ್ಯಕೀಯ ನೀತಿ ಸಂಹಿತೆಯೂ ಎರಡು ಮಾತಾಡುತ್ತದೆ: ರೋಗಿಯ ಗುಟ್ಟು ಕಾಯಿ, ಸಾಂಕ್ರಾಮಿಕ ರೋಗವಾದರೆ ಆರೋಗ್ಯ ಅಧಿಕಾರಿಗಳಿಗೆ ತಿಳಿಸು. ಬರೆದವರು ತಂಪು ಕೋಣೆಯಲ್ಲಿ ಕುಂತು ಬರೆದಿರಬೇಕು. ಎರಡೂ ಮಾತು ಒಂದೇ ಸ್ಟೂಲಿನ ಮೇಲೆ ಬಂದು ಕುಂತಾಗ ಅವುಗಳ ನಡುವೆ ಗೇಣು ಜಾಗವೂ ಇರುವುದಿಲ್ಲ.

ಅಜ್ಜಿಯ ಉಸಿರು ಎಣಿಸುತ್ತೀರಿ. ಕೊರಳ ಕುಳಿ ಒಳಗೆ ಸೆಳೆಯುತ್ತಿದೆ. ನಿಮ್ಮಲ್ಲಿ ಆಕ್ಸಿಜನ್ ಸಿಲಿಂಡರ್ ಇಲ್ಲ. ಈ ತಿಂಗಳ ಮೊದಲಲ್ಲೇ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಒಂದೇ ದಿನದಲ್ಲಿ 24 ಜೀವ ಹೋದವು. ಕನಕಗಿರಿ ದಾಟಿ ಗಂಗಾವತಿಗೆ ಕಳಿಸಿದರೆ ಅಲ್ಲಿ ಹಾಸಿಗೆ ಸಿಕ್ಕೀತೋ? ಕಳಿಸದಿದ್ದರೆ ಈ ರಾತ್ರಿ ಈ ಉಸಿರು ಎಲ್ಲಿಯವರೆಗೆ?

"ಇಲ್ಲಿ ಆಗೂದಿಲ್ಲಪ್ಪ. ದೊಡ್ಡ ದವಾಖಾನಿಗೆ ಹೋಗಲೇಬೇಕು."

ಸ್ಟೂಲು ಉರುಳುತ್ತದೆ. ಮಗ ಎದ್ದಿದ್ದಾನೆ, ಟೇಬಲ್ಲಿನ ಈ ಕಡೆಗೇ ಬಂದಿದ್ದಾನೆ. ಮುಷ್ಟಿ ಕಾಣುತ್ತದೆ. ಶೀಲ್ಡು ಮತ್ತೆ ಮಂಜು. ಕಂಪೌಂಡರ್ ಹುಡುಗ ಬಾಗಿಲಿಗೆ ಆತುಕೊಂಡಿದ್ದಾನೆ. 2020ರ ಏಪ್ರಿಲ್ 22ರ ಸುಗ್ರೀವಾಜ್ಞೆ 1897ರ ಪ್ಲೇಗಿನ ಕಾಲದ ಕಾಯ್ದೆಯನ್ನು ತಿದ್ದಿ ನಿಮ್ಮ ಮೈಗೆ ಕಾವಲು ಕೊಟ್ಟಿದೆ: ಡಾಕ್ಟರ ಮೇಲೆ ಕೈ ಮಾಡಿದರೆ ಮೂರು ತಿಂಗಳಿಂದ ಐದು ವರ್ಷ ಜೈಲು, ಸುಲಭಕ್ಕೆ ಜಾಮೀನಿಲ್ಲ. ಆ ಕಾಯ್ದೆ ಈಗ ಈ ಕೋಣೆಯಲ್ಲಿಲ್ಲ. ಇಲ್ಲಿ ಇರುವುದು ಒಂದು ಟೇಬಲ್ಲು, ನಾಲ್ಕು ಜೀವ, ನಿಮ್ಮ ಎದೆಬಡಿತ.

"ಮಗಾ..." ಅಜ್ಜಿಯ ದನಿ, ಗಾಳಿಯಷ್ಟೇ. "ಕುಂದ್ರು."

ಅವನು ಕೂಡುವುದಿಲ್ಲ. ಕೈ ಮಾತ್ರ ಇಳಿಯುತ್ತದೆ.

108ಕ್ಕೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಟೇಬಲ್ಲಿನ ಮೇಲಿಡುತ್ತೀರಿ. ಪೆನ್ನು ಎತ್ತಿಕೊಳ್ಳುತ್ತೀರಿ. ಎರಡು ಗ್ಲೌಸಿನೊಳಗೆ ಬೆರಳು ಜಾರುತ್ತಿವೆ.

"ನಿಮ್ಮ ಹೆಸರು ಹೇಳ್ರಿ, ಅಮ್ಮ."

ಮಗ ಗೋಡೆ ನೋಡುತ್ತಾನೆ. ಅಜ್ಜಿಯೇ ಹೇಳುತ್ತಾಳೆ, ಒಂದೊಂದು ಅಕ್ಷರಕ್ಕೆ ಒಂದೊಂದು ಉಸಿರು. ನೀವು ಬರೆಯುತ್ತೀರಿ. ವಯಸ್ಸು. ಓಣಿ. ಮೊಬೈಲ್ ನಂಬರು ಮಾತ್ರ ಮಗನೇ ಹೇಳಬೇಕು. ಆರು ಅಂಕಿ ಹೇಳಿ ನಿಲ್ಲುತ್ತಾನೆ. ನೀವು ಪೆನ್ನು ಎತ್ತುವುದಿಲ್ಲ. ಉಳಿದ ನಾಲ್ಕನ್ನೂ ಹೇಳುತ್ತಾನೆ.

ಅಜ್ಜಿಗೆ ಗಾಳಿಯಾಡಲೆಂದು ಬಾಗಿಲು ಪೂರಾ ತೆರೆಯುತ್ತೀರಿ. ಕಟ್ಟೆಯ ಮೇಲೆ ಐದು ಮಂದಿ ಪಾಳಿಗೆ ಕಾಯುತ್ತಿದ್ದರು. ಈಗ ಇಬ್ಬರು. ಉಳಿದವರು ಓಣಿಯ ತಿರುವಿನಲ್ಲಿ ಬಿರಬಿರನೆ ನಡೆಯುತ್ತಿದ್ದಾರೆ. ಅವರಲ್ಲೊಬ್ಬ ಕೆಮ್ಮು ತಡೆಯಲು ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದಿದ್ದಾನೆ.