ಸೆರಗಿನ ಕಿವಿ

ನಮ್ಮ ಕಡೆ ಸೀರೆಗೆ ರಿಟೈರ್‌ಮೆಂಟ್ ಅನ್ನೋದೇ ಇಲ್ಲ. ಮೊದಲು ಮದುವೆ, ಹಬ್ಬಕ್ಕೆ ಉಡ್ತಾರೆ, ಆಮೇಲೆ ಮನೆಯೊಳಗೆ, ಆಮೇಲೆ ಹೊಲಕ್ಕೆ. ಇನ್ನೂ ಹಳೇದಾದರೆ ಮಗುವಿಗೆ ಜೋಲಿ. ನಾಲ್ಕೈದು ಸೇರಿಸಿ ಹೊಲಿದರೆ ಹೊದಿಕೆ. ಕೊನೆಗೆ ಒಲೆ ಪಕ್ಕ ಮಸಿಬಟ್ಟೆ. ಉತ್ತರ ಕರ್ನಾಟಕದಲ್ಲಿ ಇಂಥ ಹೊದಿಕೆಗೆ ಕೌದಿ ಅಂತಾರೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಅಮೆರಿಕದ ಪ್ರದರ್ಶನದವರೆಗೂ ಹೋಗಿವೆ. ಆದರೆ ಸೀರೆಯನ್ನು ಕತ್ತರಿಸಿ ಆನೆ ಮಾಡೋದು ಮಾತ್ರ ಹುಣಸೂರು ತಾಲ್ಲೂಕಿನ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿ ಹೋಗಿದ್ದು ಕಳೆದ ವರ್ಷ. ಅದಾಗಿ ನಾಲ್ಕು ತಿಂಗಳಿಗೆ ಕೆ.ಆರ್. ನಗರದ ಅತ್ತೆ ಮಗಳಿಗೆ, ಅಂದರೆ ನನ್ನ ಅಕ್ಕನಿಗೆ, ಮಗು ಆಯ್ತು. ಅಜ್ಜಿ ಆ ಮಗುಗೋಸ್ಕರ ಎಷ್ಟು ಕಾದಿದ್ದರು ಅಂತ ಎಲ್ಲರಿಗೂ ಗೊತ್ತು. ಅವರ ಒಂದು ಹತ್ತಿ ಸೀರೆ, ಹಸಿರು ಮೈ, ಕುಂಕುಮದ ಬಣ್ಣದ ಅಂಚು, ಟ್ರಂಕಿನಲ್ಲಿ ಉಳಿದಿತ್ತು. ಹೊಗೆಸೊಪ್ಪಿನ ಸೀಸನ್‌ನಲ್ಲಿ ಎಲೆಗಳನ್ನು ಕಡ್ಡಿಗೆ ಕಟ್ಟೋಕೆ ಕೂರುವಾಗ ಅಜ್ಜಿ ಉಡ್ತಿದ್ದ ಸೀರೆ ಅದು. ಅದರಲ್ಲಿ ಮಗುಗೆ ಒಂದು ಗೊಂಬೆ ಹೊಲಿದುಕೊಡೋಣ ಅಂತ ನಾನು ಹೇಳಿದೆ.

ದೊಡ್ಡಪ್ಪ ತಕ್ಷಣ ಬೇಡ ಅಂದರು. “ಸತ್ತೋರ್ ಬಟ್ಟೆ ಮಗೀಗ್ ಯಾಕ್ಲಾ? ಹೊಸಾದು ತಕ್ಕೊಡು.” ಅಮ್ಮನಿಗೆ ಬೇರೆ ಕಾರಣ ಇತ್ತು. ಕತ್ತರಿ ಹಾಕಿದರೆ ಅದು ಮತ್ತೆ ಸೀರೆ ಆಗಲ್ಲ, ಅಷ್ಟೇ. ಅತ್ತೆ ಫೋನಿನಲ್ಲೇ ಹೇಳಿದರು: “ನಾವೆಲ್ಲಾ ಅವ್ವನ್ ಹಳೇ ಸೀರೇಲೇ ಅಲ್ವಾ ಬೆಳ್ದಿದ್ದು? ಕಳ್ಸು ಕಣೋ.”

ದೊಡ್ಡಪ್ಪನ ಮಾತು ನನ್ನ ತಲೆಯಲ್ಲಿ ಉಳಿಯಿತು. ಪಿರಿಯಾಪಟ್ಟಣದ ಬಸ್ಸಿನಲ್ಲಿ ಬೈಲಕುಪ್ಪೆಯ ಭಿಕ್ಷುಗಳು ಪಕ್ಕದಲ್ಲೇ ಕೂತಿರ್ತಾರೆ. 1960ರ ದಶಕದ ಆರಂಭದಿಂದ ಅಲ್ಲಿ ಟಿಬೆಟಿಯನ್ನರ ವಸತಿ ಇದೆ. ಅವರ ಚೀವರದ ಬಗ್ಗೆ ಓದಿದಾಗ ಆಶ್ಚರ್ಯ ಆಯ್ತು. ಬುದ್ಧನ ಕಾಲದ ಭಿಕ್ಷುಗಳು ಜನ ಎಸೆದ ಬಟ್ಟೆ, ಸ್ಮಶಾನದಲ್ಲಿ ಬಿಟ್ಟ ಬಟ್ಟೆಯನ್ನೂ ಆಯ್ದು, ತೊಳೆದು, ತುಂಡುಗಳನ್ನು ಜೋಡಿಸಿ ಹೊಲಿದು ಉಡ್ತಿದ್ದರಂತೆ. ಆ ತುಂಡುಗಳ ಜೋಡಣೆಗೆ ಮಾದರಿ ಮಗಧದ ಗದ್ದೆಗಳು, ಬದು ಹಾಕಿದ ಹಾಗೆ. ಕೆ.ಆರ್. ನಗರದ ಗದ್ದೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಇದನ್ನು ದೊಡ್ಡಪ್ಪನಿಗೆ ಹೇಳಿದೆ. “ಅವ್ರು ಸನ್ಯಾಸಿಗಳು ಕಣ್ಲಾ, ಅದು ಮಗಾ” ಅಂದರು. ವಾದದಲ್ಲಿ ನಾನು ಗೆಲ್ಲಲಿಲ್ಲ.

ಆನೆಯೇ ಯಾಕೆ ಅಂದರೆ ಅರ್ಜುನ. ದಸರಾ ಗಜಪಯಣ ಶುರುವಾಗೋದು ನಮ್ಮ ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಅಜ್ಜಿ ಆಗುವಷ್ಟು ವರ್ಷ ಅಲ್ಲಿಗೆ ಹೋಗಿ ನಿಲ್ತಿದ್ದರು. ಎಚ್.ಡಿ. ಕೋಟೆಯ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಎಂಟು ಸಲ 750 ಕೆ.ಜಿ. ಅಂಬಾರಿ ಹೊತ್ತವನು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಅವನು ಸತ್ತಾಗ ಅಜ್ಜಿ ಟಿವಿ ಮುಂದೆ ಕೂತು ಮನೆಯವರೇ ಹೋದ ಹಾಗೆ ಅತ್ತಿದ್ದರು. ಇನ್ನೊಂದು ಕಾರಣವೂ ಇದೆ. ಜರ್ಮನಿಯ ಮಾರ್ಗರೆಟ್ ಸ್ಟೈಫ್ ಅನ್ನೋ ಹೊಲಿಗೆ ಹೆಂಗಸು, ಪೋಲಿಯೊದಿಂದ ಗಾಲಿಕುರ್ಚಿಯಲ್ಲಿದ್ದವರು, 1880ರಲ್ಲಿ ಗುಂಡುಸೂಜಿ ಚುಚ್ಚಿಡೋಕೆ ಅಂತ ಒಂದು ಬಟ್ಟೆ ಆನೆ ಮಾಡಿದರು. ಮಕ್ಕಳು ಅದನ್ನು ಎತ್ತಿಕೊಂಡು ಆಡೋಕೆ ಶುರು ಮಾಡಿದರು. ಅವರ ದೊಡ್ಡ ಗೊಂಬೆ ಕಂಪನಿ ಬೆಳೆದಿದ್ದು ಆ ಆನೆಯಿಂದ. ಕರಡಿಗಿಂತ ಆನೆ ಹಿರಿದು.

ಅಮ್ಮ ಒಂದು ವಾರದ ಮೇಲೆ ಸೀರೆ ತಂದು ಮಿಷನ್ ಮೇಲಿಟ್ಟರು. ಏನೂ ಹೇಳಲಿಲ್ಲ.

ಮೊದಲು ಅಪ್ಪನ ಹಳೇ ಲುಂಗಿಯಲ್ಲಿ ಒಂದು ಮಾದರಿ ಹೊಲಿದು ನೋಡಿದೆವು. ಚಪ್ಪಟೆ ಬಟ್ಟೆಯಿಂದ ಉಬ್ಬಿದ ಆಕಾರ ಬರಬೇಕಾದರೆ ಎರಡು ಪಕ್ಕ ಸಾಲದು, ಹೊಟ್ಟೆ ಕೆಳಗೆ ಕಾಲುಗಳ ಸಮೇತ ಮೂರನೇ ತುಂಡು ಬೇಕು. ಅದಿಲ್ಲದಿದ್ದರೆ ಆನೆ ನಿಲ್ಲಲ್ಲ, ದೋಸೆ ಆಗುತ್ತೆ. ಹಳೇ ಸೀರೆಯ ನೇಯ್ಗೆ ಸಡಿಲ ಆಗಿರುತ್ತೆ, ತುಂಬಿಸಿದಾಗ ಹೊಲಿಗೆ ಪಕ್ಕ ಬಿರಿಯುತ್ತೆ. ಅದಕ್ಕೆ ಬ್ಲೌಸ್ ಕತ್ತಿಗೆ ಹಾಕೋ ಕ್ಯಾನ್ವಾಸನ್ನು ಹಿಂದುಗಡೆ ಇಸ್ತ್ರಿ ಮಾಡಿ ಅಂಟಿಸಿದೆವು. ಸೊಂಡಿಲಿನ ತಿರುವಿನಲ್ಲಿ ಹೊಲಿಗೆಯ ಹೊರಗೆ ಸಣ್ಣ ಸಣ್ಣ ಕಚ್ಚು ಹಾಕಬೇಕು, ಇಲ್ಲದಿದ್ದರೆ ಮಗುಚಿದಾಗ ಸುಕ್ಕಾಗುತ್ತೆ. ಕಣ್ಣಿಗೆ ಗುಂಡಿ ಹಾಕಲಿಲ್ಲ. ಕಿತ್ತು ಬಂದರೆ ಮಗು ನುಂಗುತ್ತೆ, ಅದಕ್ಕೆ ಕಪ್ಪು ದಾರದ ಕಸೂತಿ.

ಕಷ್ಟ ಆಗಿದ್ದು ಕತ್ತರಿಸೋದಲ್ಲ, ಒಗೆಯೋದು. ಸೀರೆಯಲ್ಲಿ ಅಜ್ಜಿಯ ವಾಸನೆ ಇನ್ನೂ ಇತ್ತು. ಎಲೆಅಡಿಕೆ, ಒಲೆಯ ಹೊಗೆ, ಬ್ಯಾರನ್‌ನ ಘಾಟು. ಮಗು ಬಾಯಿಗೆ ಇಡೋ ವಸ್ತು, ಒಗೆಯದೆ ಹೊಲಿಯೋ ಹಾಗಿಲ್ಲ. ಅಮ್ಮ ಎರಡು ದಿನ ಮುಂದೂಡಿದರು. ಮೂರನೇ ದಿನ ಅಂಟುವಾಳ ನೆನೆಸಿ ತಾವೇ ಒಗೆದರು. ಒಣಗಿದ ಮೇಲೆ ಮುಖಕ್ಕೆ ಹಿಡಿದು ನೋಡಿ, “ಹೋಯ್ತು” ಅಂದರು.

ಆದರೆ ಒಂದು ಗುರುತು ಹೋಗಲಿಲ್ಲ. ಅಜ್ಜಿ ಯಾವಾಗಲೂ ಸೆರಗಿನ ಒಂದೇ ತುದಿಗೆ ದುಡ್ಡು ಗಂಟು ಹಾಕ್ತಿದ್ದರು. ನನಗೆ ಬಸ್ ಚಾರ್ಜು ಬರ್ತಿದ್ದದ್ದು ಅಲ್ಲಿಂದ. ಆ ತುದಿಯಲ್ಲಿ ಎಳೆಗಳು ಅಡ್ಡಾದಿಡ್ಡಿ ಸರಿದು ನಿಂತಿದ್ದವು. ಇಸ್ತ್ರಿಗೂ ನೆಟ್ಟಗಾಗಲಿಲ್ಲ. ಅದನ್ನು ಎಡಗಿವಿಗೆ ಇಟ್ಟೆವು.

ತುಂಬಿಸೋಕೆ ಅಂಗಡಿಯ ಫೈಬರ್ ತರೋಣ ಅಂದುಕೊಂಡಿದ್ದೆವು. ಭಾನುವಾರ ದೊಡ್ಡಪ್ಪ ಒಂದು ಚೀಲ ತಂದರು. ಎಚ್.ಡಿ. ಕೋಟೆಯ ಪರಿಚಯದವರ ಹೊಲದ ಹತ್ತಿ, ಬೀಜದ ಸಮೇತ. ದೀಪದ ಬತ್ತಿಗೆ ಬಿಡಿಸುವ ಹಾಗೆ ಎರಡು ಸಂಜೆ ಕೂತು ಅವರೇ ಬೀಜ ಬಿಡಿಸಿದರು. ಒಗೆದರೆ ಹತ್ತಿ ಗಂಟು ಕಟ್ಟುತ್ತೆ, ಫೈಬರ್ ಕಟ್ಟಲ್ಲ. ಇಂಜಿನಿಯರಿಂಗ್ ಲೆಕ್ಕದಲ್ಲಿ ಫೈಬರೇ ಸರಿ. ಆದರೂ ಹತ್ತಿಯನ್ನೇ ತುಂಬಿಸಿದೆವು. ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡಿ ಅಂತ ಅಕ್ಕನಿಗೆ ಹೇಳಿದ್ದೇವೆ. ದೊಡ್ಡಪ್ಪ ತಮ್ಮ ಮಾತು ವಾಪಸ್ ತಗೊಂಡಿಲ್ಲ, ನಾವೂ ಕೇಳಿಲ್ಲ.

ಆನೆ ಈಗ ಕೆ.ಆರ್. ನಗರದಲ್ಲಿದೆ. ಮಗುಗೆ ಅದು ಯಾರ ಸೀರೆ ಅಂತ ಗೊತ್ತಿಲ್ಲ. ಗೊತ್ತಾಗೋಕೆ ಇನ್ನೂ ಹಲವು ವರ್ಷ ಬೇಕು, ಅಷ್ಟರವರೆಗೆ ಆನೆ ಉಳಿಯುತ್ತೋ ಇಲ್ಲವೋ. ಎಡಗಿವಿ ಯಾವಾಗಲೂ ಅದರ ಬಾಯಲ್ಲೇ ಇರುತ್ತೆ ಅಂತ ಅಕ್ಕ ಫೋಟೋ ಕಳಿಸಿದ್ದಳು.

ಐದೂವರೆ ಮೀಟರ್ ಸೀರೆಯಲ್ಲಿ ಆನೆಗೆ ಹೋಗಿದ್ದು ಅರ್ಧ ಮೀಟರ್. ಉಳಿದದ್ದರ ಕತ್ತರಿಸಿದ ಅಂಚನ್ನು ಅಮ್ಮ ಮಡಿಸಿ ಹೊಲಿದಿದ್ದಾರೆ. ಮೊನ್ನೆ ಊರಿಗೆ ಹೋದಾಗ ನೋಡಿದೆ, ಮನೆಯೊಳಗೆ ಅದನ್ನೇ ಉಟ್ಟಿದ್ದರು. ಸೆರಗು ಸ್ವಲ್ಪ ಗಿಡ್ಡ ಬರುತ್ತೆ.